ಮೇನ್ ಇಳಿಸಿದ ಮೇಲೂ ಬಡಿದ ಗಂಟೆ

ನನ್ನನ್ನು ನೋಡಿ, ಇವನ ಕೈಲಿ ಈ ಕೆಲಸ ಆಗುವುದಿಲ್ಲ ಎಂದವರು ಶಿವಲಿಂಗಪ್ಪನವರು, ಹುಣಸೂರಿನಲ್ಲಿ ಐಸ್ ಫ್ಯಾಕ್ಟರಿ ಇಟ್ಟಿದ್ದ ವರ್ತಕರು. ಅದು ೧೯೫೮. ನಾನು ಮೈಸೂರಿನ ಒಂದು ಎಲೆಕ್ಟ್ರಿಕಲ್ ಕಂಪನಿಯಲ್ಲಿ ಪ್ರೊಬೇಷನ್ ಮೇಲಿದ್ದ ಎಂಜಿನಿಯರ್. ಮಿರ್ಲೆಯ ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ. ನನ್ನ ಮುಂದೆಯೇ ಅವರು ತಮ್ಮ ಮೇಸ್ತ್ರಿಗೆ ಹೇಳಿದರು: "ಸೀಮೆಎಣ್ಣೆ ಬುಡ್ಡೀಲಿ ಓದ್ದೋನು ಕಣಯ್ಯ ಇವನು. ಕರೆಂಟಿನ ಗಂಟೆ ಕಟ್ಟಾನಾ? ಆಗದ ಮಾತು ಬುಡು."

ಬುಡ್ಡಿಯ ಮಾತು ನಿಜವೇ.

ಐಸಿಗೆ ಬೇಕಾದ ತಂಪು ಕೊಡುವುದು ಅಮೋನಿಯಾ ಅನಿಲ. ಯಂತ್ರ ನಿಲ್ಲಿಸಿದರೂ ಅದು ಪೈಪಿನೊಳಗೆ ಒತ್ತಡದಲ್ಲೇ ಇರುತ್ತದೆ. ಸೋರಿದರೆ ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ಒಮ್ಮೆ ಸೋರಿದ್ದರಿಂದಲೇ ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರು ಅಲಾರಂ ಹಾಕಿಸಲೇಬೇಕೆಂದಿದ್ದರು. ಯಂತ್ರದ ಕೋಣೆಯ ಪಕ್ಕದ ಪಡಸಾಲೆಯಲ್ಲಿ ಕೆಲಸಗಾರರು ಮಲಗುತ್ತಿದ್ದರು. ನಮ್ಮ ಚಿಕ್ಕಪ್ಪ ಕೆಂಪಯ್ಯ ಅವರಲ್ಲೊಬ್ಬ.

ಅನಿಲ ಗ್ರಹಿಸುವ ಡಿಟೆಕ್ಟರ್ ಯಂತ್ರದ ಕೋಣೆಗೆ, ಗಂಟೆ ಪಡಸಾಲೆಗೆ. ಪವರ್ ವೈರನ್ನೂ ಸಿಗ್ನಲ್ ವೈರನ್ನೂ ಬೇರೆ ಬೇರೆ ಪೈಪಿನಲ್ಲಿ ಎಳೆದೆ. ಒಂದು ಕೆಟ್ಟರೆ ಇನ್ನೊಂದನ್ನು ಕೆಡಿಸಬಾರದು. ಸಿಗ್ನಲ್ ವೈರಿನಲ್ಲಿ ಸದಾ ಸ್ವಲ್ಪ ಕರೆಂಟು ಹರಿಯುವಂತೆ ಮಾಡಿದೆ. ಇಲಿ ಕಡಿದು ವೈರು ತುಂಡಾಗಿ ಆ ಕರೆಂಟು ನಿಂತರೂ ಗಂಟೆ ಬಡಿಯಬೇಕು.

ಆ ಸಂಜೆ ಒಂದು ಸಂಗತಿ ಕಂಡೆ. ಕೆಲಸ ಮುಗಿದೊಡನೆ ಶಿವಲಿಂಗಪ್ಪನವರು ತಾವೇ ಮೇನ್ ಸ್ವಿಚ್ ಇಳಿಸಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮನೆಗೆ ಹೊರಟರು. ಅದು ಅವರ ನಿತ್ಯದ ಪದ್ಧತಿ. ಕಂಪನಿಯ ಡ್ರಾಯಿಂಗಿನಲ್ಲಿ ಅಲಾರಂಗೆ ಕರೆಂಟು ಬರುವುದು ಆ ಮೇನ್ ದಾಟಿದ ಮೇಲೆ. ಬ್ಯಾಟರಿಯೇನೋ ಇತ್ತು, ಆದರೆ ಅದು ಲೈನು ಹೋದಾಗಿನ ಆಸರೆ. ದಿನಾ ರಾತ್ರಿಯ ಹೊರೆ ಬಿದ್ದರೆ ಬಸಿದುಹೋಗುತ್ತದೆ. ಜನ ಮಲಗಿದಾಗ ಅಲಾರಂ ಕೂಡ ಮಲಗುತ್ತದೆ. ಹಾಗಾಗಿ ಅಲಾರಂಗೆಂದೇ ಮೇನ್‌ಗಿಂತ ಮೊದಲೇ ಬೇರೆ ವೈರು ತೆಗೆದು, ಅದಕ್ಕೆ ಪ್ರತ್ಯೇಕ ಫ್ಯೂಸು, ಸ್ವಿಚ್ಚು ಕೊಟ್ಟೆ.

"ನಾನು ಇಳಿಸಿದ್ ಮೇಲೂ ಒಳಗೆ ಕರೆಂಟು ಓಡಾಡ್ತದಾ? ಫ್ಯಾಕ್ಟರಿ ನಂದೋ ನಿಂದೋ?" ಎಂದರು ಶಿವಲಿಂಗಪ್ಪನವರು.

"ನಿಮ್ಮದೇ ಸ್ವಾಮಿ. ಒಳಗೆ ಮಲಗೋರು ನಮ್ಮೋರು."

ದೂರು ಕಂಪನಿಗೆ ಹೋಯಿತು. ಇನ್‌ಸ್ಪೆಕ್ಟರು ಒಪ್ಪದಿದ್ದರೆ ನೌಕರಿ ಇಲ್ಲ ಎಂದು ಮ್ಯಾನೇಜರು ಹೇಳಿಕಳಿಸಿದರು. ನಾನು ವೈರು ಬದಲಿಸಲಿಲ್ಲ.

ಪರೀಕ್ಷೆಯ ಸಂಜೆ ಇನ್‌ಸ್ಪೆಕ್ಟರ ಎದುರಿಗೆ, "ದಿನಾ ಮಾಡೋ ಹಾಗೇ ಮಾಡಿ ಸ್ವಾಮಿ" ಎಂದೆ. ಶಿವಲಿಂಗಪ್ಪನವರು ಮೇನ್ ಇಳಿಸಿದರು. ದೀಪ ಆರಿತು. ಅಮೋನಿಯಾ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಡಿಟೆಕ್ಟರಿನ ಬಳಿ ಹಿಡಿದೆ. ಸದ್ದಿಲ್ಲ. "ಗಂಟೆ ಉಣ್ಣಕೆ ಓಗಿರ್ಬೇಕು" ಎಂದ ಮೇಸ್ತ್ರಿ. ಅವನ ನಗು ಮುಗಿಯುವ ಮೊದಲೇ ಗಂಟೆ ಬಡಿಯಿತು. ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಇನ್‌ಸ್ಪೆಕ್ಟರು ಸಿಗ್ನಲ್ ವೈರೊಂದನ್ನು ಕಳಚಿ ನೋಡಿದರು, ಆಗಲೂ ಬಡಿಯಿತು. ನನ್ನ ಸ್ವಿಚ್ಚನ್ನೇ ಇಳಿಸಿದರು, ಬ್ಯಾಟರಿ ನಡೆಸಿತು.

ವೈರು ಎಳೆಯುವವನು ಗೋಡೆಯನ್ನಷ್ಟೇ ಅಳೆದರೆ ಸಾಲದು, ಬಾಗಿಲು ಹಾಕುವ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆಂದು ನಿಂತು ನೋಡಬೇಕು. ಆಮೇಲಿನ ಸರ್ವೀಸಿನಲ್ಲೆಲ್ಲ ನಾನು ಹಾಗೇ ನಡೆದೆ.

ಇನ್‌ಸ್ಪೆಕ್ಟರು ರುಜು ಹಾಕಿ ಸರ್ಟಿಫಿಕೇಟನ್ನು ನನ್ನ ಕೈಗೇ ಕೊಟ್ಟರು. ಅದನ್ನು ಚಿಕ್ಕಪ್ಪನಿಗೆ ತೋರಿಸಿದೆ. ಅವನು ಕೈ ಒರೆಸಿಕೊಂಡು ಹಿಡಿದು ನೋಡಿದ. ಓದು ಬಾರದವನು.

"ಗಂಟೆ ಬಡ್ಕಂಡ್ರೆ ಎದ್ದು ಓಡ್ತೀನಿ, ಬಡ್ಕಳ್ದಿದ್ರೆ ಮಲಿಕ್ಕತ್ತೀನಿ. ಇಷ್ಟ್ ದಿನ ಎರಡೂ ಆಯ್ತಿರ್ಲಿಲ್ಲ ಕಣ್ಲಾ ಮಗ."