ಮಂಜಿಯ ವೇಗ

ಮೋಹನದಾಸರ ಕೈಗೆ ಸ್ಟಾಪ್‌ವಾಚ್ ಕೊಟ್ಟು ಸುಮ್ಮನೆ ಕೂರಿಸುವುದು ಯಾರಿಂದಲೂ ಆಗುವ ಮಾತಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತಮೂರು ವರ್ಷ ಅವರು ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ. ಪೇಂಟಿನ ಗಟ್ಟಿತನ ತಿಳಿಯಲು ತಳದಲ್ಲಿ ತೂತಿರುವ ಬಟ್ಟಲಿಗೆ ಅದನ್ನು ತುಂಬುವುದು, ತೂತಿಗೆ ಒತ್ತಿದ ಬೆರಳು ತೆಗೆಯುವುದು, ಧಾರೆ ಕಡಿಯುವ ತನಕ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆಯುವುದು. ಕರಾವಳಿಯ ಕಾಪುವಿನಿಂದ ಬಂದ ಹೊಸದರಲ್ಲಿ ಇದೂ ಒಂದು ಕೆಲಸವೇ ಎಂದು ನಕ್ಕಿದ್ದ ಮನುಷ್ಯ, ನಿವೃತ್ತಿಯ ಹೊತ್ತಿಗೆ ತಾವಿರುವ ವಸತಿ ಸೊಸೈಟಿಯ ಲಿಫ್ಟು ನಾಲ್ಕನೇ ಮಹಡಿಗೆ ಏರುವುದಕ್ಕೂ ವಾಚು ಒತ್ತುತ್ತಿದ್ದರು.

ಲ್ಯಾಬಿನಲ್ಲಿ ಅವರು ಯಾರ ಮೇಲೂ ದನಿ ಎತ್ತಿದವರಲ್ಲ. ಐದು ರೀಡಿಂಗ್ ತೆಗೆಯಬೇಕಾದಲ್ಲಿ ಮೂರೇ ತೆಗೆದರೆ ಮತ್ತೆ ತೆಗೆಸುತ್ತಿದ್ದರು, ಒಂದೇ ಸಲಕ್ಕೆ ಎರಡು ವಸ್ತು ಬದಲಿಸಿದರೆ ಬಟ್ಟಲು ತೊಳೆಸುತ್ತಿದ್ದರು, ಅಷ್ಟೇ. ಆದರೆ ಇನ್ನೊಬ್ಬರ ಕೈಯಲ್ಲಿ ಅಳೆಸಿ ನೋಡದೆ ಬ್ಯಾಚು ಪಾಸು ಮಾಡಿದವರನ್ನು ಮಾತ್ರ ಬಿಡುತ್ತಿರಲಿಲ್ಲ. ಬಟ್ಟಲು ಎಲ್ಲರಿಗೂ ಒಂದೇ, ಬೆರಳು ಒಂದೇ ಅಲ್ಲ ಎನ್ನುತ್ತಿದ್ದರು.

ಅವರ ಲೆಕ್ಕಕ್ಕೆ ಸಿಗದೆ ಉಳಿದದ್ದು ಹೆಂಡತಿ ಜಯಲತಾ ಒಬ್ಬರೇ. ಬೈಕಲಾದ ವಿಮಾ ಕಚೇರಿಗೆ ಜಯಲತಾ ಇಪ್ಪತ್ತಾರು ವರ್ಷ ಹೋಗಿಬಂದದ್ದು ಎಂಟೂ ಹದಿನಾಲ್ಕರ ಸ್ಲೋ ಲೋಕಲ್ ರೈಲಿನಲ್ಲಿ. ಏಳು ನಿಮಿಷ ಬಿಟ್ಟು ಬರುವ ಫಾಸ್ಟ್ ಹಿಡಿದರೆ ಹದಿನೇಳು ನಿಮಿಷ ಉಳಿಯುತ್ತದೆಂದು ಮೋಹನದಾಸರು ಮದುವೆಯಾದ ಹೊಸದರಲ್ಲೇ ಐದು ದಿನ ಅಳೆದು, ಚೀಟಿ ಬರೆದು ಕೊಟ್ಟಿದ್ದರು. ಜಯಲತಾ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಮರುದಿನವೂ ಸ್ಲೋ ಗಾಡಿಯನ್ನೇ ಹತ್ತಿದರು. ಆ ಗಾಡಿಯ ಲೇಡೀಸ್ ಡಬ್ಬಿಯಲ್ಲಿ, ಕಲ್ಯಾಣದಲ್ಲಿ ಹತ್ತಿದ ಪದ್ಮಾವತಿ ಎಂಬಾಕೆ ಪಕ್ಕದ ಸೀಟಿಗೆ ಕರ್ಚೀಫು ಹಾಸಿ ಕಾಯುತ್ತಿದ್ದಳು. ಕಲಬುರಗಿ ಕಡೆಯ ಈ ಪದ್ಮಾವತಿ ಬೈಕಲಾದ ಆಸ್ಪತ್ರೆಯೊಂದರಲ್ಲಿ ಆಯಾ. ಒಬ್ಬರ ಮನೆಮಾತು ತುಳು, ಇನ್ನೊಬ್ಬಳದು ಬಡಗಣ ಕನ್ನಡ. ಆದರೂ ಇಪ್ಪತ್ತಾರು ವರ್ಷ ಅವರ ಮಾತು ಮುಗಿಯಲಿಲ್ಲ.

ಈಗ ಇಬ್ಬರೂ ನಿವೃತ್ತರು. ಪದ್ಮಾವತಿ ಟಿಟ್ವಾಳಾಕ್ಕೆ ಮನೆ ಬದಲಿಸಿದ್ದಾಳೆ, ಮಂಡಿನೋವಿನಿಂದ ಸ್ಟೇಷನ್ ಮೆಟ್ಟಿಲು ಹತ್ತಲಾರಳು. ಜಯಲತಾಗೆ ಎರಡು ವರ್ಷದಿಂದ ಬಲಗೈ ನಡುಗುತ್ತದೆ. ಹೆದರುವಂಥದ್ದಲ್ಲ, ಆದರೆ ಹೋಗುವಂಥದ್ದೂ ಅಲ್ಲ ಎಂದಿದ್ದಾರೆ ಡಾಕ್ಟರು. ಇವರಿಬ್ಬರು ದಿನಾ ಸಂಜೆ ಆರಕ್ಕೆ ಭೇಟಿಯಾಗುವುದು ಆಕಾಶದಲ್ಲಿ.

ಅದಕ್ಕೆ ಕಾರಣ ಮಗಳು ಸೌಜನ್ಯ. ಐರೋಲಿಯ ಸಣ್ಣದೊಂದು ಗೇಮ್ ಕಂಪನಿಯಲ್ಲಿ ಅವಳಿಗೆ ಕೆಲಸ. ಅವರು ಮಾಡಿದ ಆನ್‌ಲೈನ್ ಆಟದಲ್ಲಿ ನಕ್ಷತ್ರಗಳ ನಡುವೆ ಹಡಗು ನಡೆಸಿ, ಒಂದು ಬಂದರಿನ ಸರಕನ್ನು ಇನ್ನೊಂದಕ್ಕೆ ಮುಟ್ಟಿಸಬೇಕು. ಚುರುಕಾದ ಹಡಗಿನ ಹೆಸರು ಗಿಡುಗ. ಭಾರದ ಹಡಗಿಗೆ ಅವಳು ಅಪ್ಪನ ಊರಿನ ಕಡೆಯ ಸರಕು ದೋಣಿಯ ನೆನಪಿನಲ್ಲಿ ಮಂಜಿ ಎಂದು ಹೆಸರಿಟ್ಟಳು. ಅಮ್ಮನ ಟ್ಯಾಬಿಗೆ ಆಟ ಹಾಕಿಕೊಟ್ಟದ್ದು ಅವಳೇ. ಪದ್ಮಾವತಿಗೆ ಅದನ್ನು ಫೋನಿನಲ್ಲೇ ಕಲಿಸಿದವರು ಜಯಲತಾ. ಪದ್ಮಾವತಿಯದು ಗಿಡುಗ, ಜಯಲತಾದು ಮಂಜಿ. ಮೊದಲು ತಲುಪುವ ಪದ್ಮಾವತಿ ಬಂದರಿನ ಗೇಟಿನ ಹತ್ತಿರ ಕಾಯುತ್ತಾಳೆ. ಆಮೇಲೆ ಫೋನಿನ ಸ್ಪೀಕರ್ ಹಾಕಿಕೊಂಡು, ಮನೆಮಂದಿಯ ಸುದ್ದಿ ಹೇಳಿಕೊಳ್ಳುತ್ತ, ಇಬ್ಬರೂ ಒಟ್ಟಿಗೆ ಒಳಗೆ ಹೋಗುತ್ತಾರೆ.

ಕಂಪನಿಯಲ್ಲಿ ಎದ್ದ ತಕರಾರೆಂದರೆ, ಇಂಥ ಕೆಲವರನ್ನು ಬಿಟ್ಟರೆ ಮಂಜಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಡಗುಗಳ ವೇಗ ಸರಿದೂಗಿಸುವ ಹೊಣೆ ಸೌಜನ್ಯಳ ತಲೆಗೆ ಬಂತು. ಅವಳಿಗೆ ಒಬ್ಬಳಿಗೇ ಅಂತ ಸಿಕ್ಕ ಮೊದಲ ಕೆಲಸ ಅದು. ಭಾನುವಾರ ನೀರುದೋಸೆ ತಿನ್ನುತ್ತ ಅವಳು ಫೋನಿನಲ್ಲಿ ಯಾರೊಡನೆಯೋ, ಮಂಜಿಯ ವೇಗ ಹತ್ತು ಪರ್ಸೆಂಟ್ ಏರಲಿ, ಇಲ್ಲ ಮೂವತ್ತು ಏರಲಿ ಎಂದು ಚೌಕಾಸಿ ಮಾಡುವುದನ್ನು ಮೋಹನದಾಸರು ಕೇಳಿಸಿಕೊಂಡರು. ಎಷ್ಟು ರೀಡಿಂಗ್ ತೆಗೆದಿದ್ದೀರಿ ಎಂದು ಕೇಳಿದರು. ಒಂದೂ ಇಲ್ಲ ಎಂದಳು. ಅಷ್ಟು ಸಾಕಾಯಿತು, ವಾಚು ಕಪಾಟಿನಿಂದ ಹೊರಗೆ ಬಂತು.

ಸೌಜನ್ಯ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೆಂದೇ ಆಟದ ಬೇರೆ ಪ್ರತಿ ಹಾಕಿಕೊಟ್ಟಳು. ಮೋಹನದಾಸರು ಹನ್ನೆರಡು ದಿನ ಊಟಕ್ಕೂ ಕೂಗಿಸಿಕೊಂಡು ಕೂತರು. ಹಡಗಿನ ಗರಿಷ್ಠ ವೇಗ ನೋಡಿ ಪ್ರಯೋಜನವಿಲ್ಲ, ಹೊರಟಲ್ಲಿಂದ ಬಂದರಿನ ಕಟ್ಟೆಗೆ ತಾಗಿ ನಿಲ್ಲುವ ತನಕ ಎಷ್ಟು ಹೊತ್ತು ಎಂಬುದೇ ಮುಖ್ಯ ಎಂದು ಮೊದಲ ದಿನವೇ ಕಂಡುಕೊಂಡರು. ಗಿಡುಗ ನೂರು ಪೆಟ್ಟಿಗೆಯನ್ನು ಏಳು ನಿಮಿಷದಲ್ಲಿ ಮುಟ್ಟಿಸುತ್ತದೆ. ಮಂಜಿಗೆ ನೂರೈವತ್ತು ಪೆಟ್ಟಿಗೆಗೆ ಹನ್ನೆರಡು ನಿಮಿಷ ಮೂವತ್ತಾರು ಸೆಕೆಂಡು. ಬೇರೆ ಯಾವುದನ್ನೂ ಮುಟ್ಟದೆ ವೇಗವನ್ನು ಮಾತ್ರ ಐದೈದು ಪರ್ಸೆಂಟ್ ಏರಿಸುತ್ತ ಹೋದರು. ಇಪ್ಪತ್ತಕ್ಕೆ ಬಂದಾಗ ಮಂಜಿ ಹತ್ತೂವರೆ ನಿಮಿಷಕ್ಕೆ ತಲುಪಿತು. ನಿಮಿಷಕ್ಕೆ ಮುಟ್ಟಿಸುವ ಪೆಟ್ಟಿಗೆಯ ಲೆಕ್ಕ ಎರಡು ಹಡಗಿಗೂ ಒಂದೇ ಆಗಿ, ಗ್ರಾಫಿನಲ್ಲಿ ಎರಡೂ ಗೆರೆ ಕೂಡಿದವು. ಸೌಜನ್ಯ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷದಲ್ಲಿ ಅವರಿಗೆ ಇಂಥ ಬಹುಮಾನ ಸಿಕ್ಕಿರಲಿಲ್ಲ.

ಸೋಮವಾರ ಹೊಸ ವೇಗ ಎಲ್ಲರ ಆಟಕ್ಕೂ ಬಂತು. ಒಂದು ವಾರ ನೋಡಿ, ಮುಂದಿನ ಸೋಮವಾರ ಅದನ್ನೇ ಕಾಯಂ ಮಾಡುವುದೆಂದು ಕಂಪನಿಯಲ್ಲಿ ತೀರ್ಮಾನವಾಯಿತು. ಮಂಜಿ ಹತ್ತುವವರು ದಿನೇ ದಿನೇ ಹೆಚ್ಚಿದರು. ಮಂಗಳವಾರದಿಂದ ಜಯಲತಾ ಸಂಜೆ ಆರಕ್ಕೆ ಟ್ಯಾಬ್ ತೆಗೆಯಲಿಲ್ಲ. ಒಂದು ದಿನ ಕಣ್ಣು ನೋವು ಎಂದರು, ಮರುದಿನ ಬಸಳೆ ಸೋಸಲಿದೆ ಎಂದರು. ಖುಷಿಯಲ್ಲಿದ್ದ ಮೋಹನದಾಸರಿಗೆ ಅದು ಕಣ್ಣಿಗೇ ಬೀಳಲಿಲ್ಲ.

ಶುಕ್ರವಾರ ಅವರ ಫೋನಿಗೆ ಪದ್ಮಾವತಿಯ ಕರೆ ಬಂತು.

"ಅಣ್ಣಾರ, ಅಕ್ಕಾರಿಗಿ ಆರಾಮ ಇಲ್ಲೇನ್ರಿ? ಕೇಳಿದ್ರ ಏನಿಲ್ಲ ಅಂತಾರ. ನಾಕು ದಿನ ಆತು, ಗೇಟಿನ ಮುಂದ ನಿಂತು ನಿಂತು ನಾ ಒಬ್ಬಾಕಿನ ಒಳಗ ಹೊಂಟೀನಿ."

ಮೋಹನದಾಸರು ಅಡುಗೆಮನೆಗೆ ಹೋದರು. ಜಯಲತಾ ಮೊದಲು ಹಾರಿಕೆಯ ಮಾತಾಡಿದರು. ಆಮೇಲೆ ಬಲಗೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಹೊಸ ಮಂಜಿ ತನ್ನ ಬೆರಳಿಗಿಂತ ಮೊದಲೇ ಕಟ್ಟೆಗೆ ಹೋಗಿ ಬಡಿಯುತ್ತದೆ ಎಂದರು. ಬಡಿದರೆ ಪೆಟ್ಟಿಗೆಯೆಲ್ಲ ಚೆಲ್ಲುತ್ತದೆ, ಮತ್ತೆ ಮೊದಲಿಂದ ಬರಬೇಕು. ಸೋಮವಾರ ಮೂರು ಸಲ ಹಾಗಾಯಿತಂತೆ.

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಆ ಗೆರೆ ಕೂಡಿದ್ದು ನೋಡಿ ಅವಳು ಎಷ್ಟು ಕುಣಿದಳು, ನೀವು ಎಷ್ಟು ಖುಷಿಪಟ್ಟಿರಿ. ನನ್ನ ಒಂದು ಕೈಗೋಸ್ಕರ ಅದನ್ನು ಯಾಕೆ ಹಾಳು ಮಾಡುವುದು ಅಂತ ಸುಮ್ಮನಾದೆ."

ಮೋಹನದಾಸರು ಅರವತ್ತು ರೀಡಿಂಗ್ ತೆಗೆದಿದ್ದರು, ಅರವತ್ತೂ ತಮ್ಮದೇ ಕೈಯಲ್ಲಿ. ಯಾವ ತಪ್ಪಿಗೆ ಲ್ಯಾಬಿನ ಹುಡುಗರನ್ನು ಬಿಡುತ್ತಿರಲಿಲ್ಲವೋ ಅದೇ ತಪ್ಪನ್ನು ತಮ್ಮ ಮನೆಯಲ್ಲಿ, ಹೆಂಡತಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಮಾಡಿದ್ದರು. ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು.

ನೋಟುಪುಸ್ತಕ ತಂದು, ಲ್ಯಾಪ್‌ಟಾಪನ್ನು ಜಯಲತಾ ಮುಂದೆ ಇಟ್ಟರು. ಈ ನಡುಕವನ್ನೂ ಬರೆಯುತ್ತೀರಾ ಎಂದು ಜಯಲತಾ ಕೈ ಹಿಂದಕ್ಕೆ ಎಳೆದುಕೊಂಡರು. ನಡುಕ ಎಂದು ಬರೆಯುವುದಿಲ್ಲ, ಅಳೆದವರ ಹೆಸರು ಬರೆಯುವುದು ಪದ್ಧತಿ ಎಂದು ಅವರು ಆ ಜಾಗದಲ್ಲಿ 'ಜಯಲತಾ' ಎಂದಷ್ಟೇ ಬರೆದು ತೋರಿಸಿದರು. ಶುಕ್ರವಾರ, ಶನಿವಾರ ಎರಡು ದಿನವೂ ಗಂಡಹೆಂಡಿರು ಜೊತೆಯಾಗಿ ಕೂತರು. ಹೊಸ ವೇಗದಲ್ಲಿ ಐದಕ್ಕೆ ನಾಲ್ಕು ಸಲ ಕಟ್ಟೆಗೆ ಬಡಿಯಿತು. ಹಳೆಯ ವೇಗದಲ್ಲಿ ಐದಕ್ಕೆ ಐದೂ ನೆಟ್ಟಗೆ ಬಂತು. ಹಾಗಾದರೆ ವೇಗವನ್ನು ಅದರ ಪಾಡಿಗೆ ಬಿಟ್ಟು, ಪೆಟ್ಟಿಗೆಯನ್ನು ಮಾತ್ರ ಬದಲಿಸಿ ನೋಡಬೇಕು. ನೂರೈವತ್ತರ ಬದಲು ನೂರೆಂಬತ್ತು ಹೊತ್ತರೆ ಹನ್ನೆರಡು ನಿಮಿಷ ಮೂವತ್ತಾರು ಸೆಕೆಂಡಿಗೂ ಗೆರೆ ಕೂಡಿತು.

ಭಾನುವಾರ ಬೆಳಿಗ್ಗೆ ಸೌಜನ್ಯಳ ತಟ್ಟೆಯ ಪಕ್ಕದಲ್ಲಿ ಪುಸ್ತಕ ಇಟ್ಟರು. ಓದುತ್ತ ಅವಳು ಕೈಯಲ್ಲಿದ್ದ ದೋಸೆಯನ್ನು ತಟ್ಟೆಗೆ ಹಾಕಿದಳು.

"ಪಪ್ಪಾ, ಸಬ್‌ನೇ ಓಕೆ ಕರ್ ದಿಯಾ ಹೈ, ಯಾರೂ ಬೇಡ ಅಂದಿಲ್ಲ. ನಾಳೆ ಲಾಕ್. ಈಗ ಹೋಗಿ ತಪ್ಪಾಗಿದೆ ಅಂತ ನಾನು ಹೇಗೆ ಹೇಳೋದು?"

"ಅಪ್ಪ ಒಬ್ಬನೇ ಕೂತು ಅಳೆದ, ಅದು ತಪ್ಪು ಅಂತ ಹೇಳು. ನನ್ನ ಹೆಸರು ಹೇಳು."

ಅವಳು ಲ್ಯಾಪ್‌ಟಾಪ್ ತೆರೆದು ಆಟದ ಆ ವಾರದ ಲೆಕ್ಕಗಳನ್ನು ನೋಡಿದಳು. ಮಂಜಿ ಹತ್ತುವವರು ಹೆಚ್ಚಿದ್ದರಲ್ಲ, ಆ ಸಂಭ್ರಮದಲ್ಲಿ ಕಟ್ಟೆಗೆ ಬಡಿಯುವವರು ಎಷ್ಟೆಂದು ಯಾರೂ ನೋಡಿರಲಿಲ್ಲ. ಅದು ನಾಲ್ಕು ಪಟ್ಟು ಏರಿತ್ತು. ಮೊದಲಿನಿಂದಲೂ ಮಂಜಿ ನಡೆಸುತ್ತಿದ್ದ ಇನ್ನೂರ ಹದಿಮೂರು ಜನ ಆ ವಾರ ಆಟಕ್ಕೆ ಬಂದೇ ಇರಲಿಲ್ಲ. ಇವರೆಲ್ಲ ಯಾರಿರಬಹುದು ಎಂದಳು. ಆಮೇಲೆ ಎದ್ದು ಹೋಗಿ ಅಮ್ಮನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು.

ಸೋಮವಾರ ಮೀಟಿಂಗಿನಲ್ಲಿ ಅವಳು ಅಪ್ಪನ ಹೆಸರು ಹೇಳಲಿಲ್ಲ, ತಪ್ಪು ನನ್ನದೇ ಎಂದಳು. ಒಂದಿಬ್ಬರು ಗೊಣಗಿದರು. ಆದರೆ ಇನ್ನೂರ ಹದಿಮೂರು ಜನರ ಲೆಕ್ಕದ ಮುಂದೆ ಗೊಣಗಾಟ ಹೆಚ್ಚು ಹೊತ್ತು ನಡೆಯಲಿಲ್ಲ. ಬುಧವಾರ ಮಂಜಿಯ ಹಳೆಯ ನಡಿಗೆ ವಾಪಸು ಬಂತು, ಹೊಟ್ಟೆ ಮಾತ್ರ ದೊಡ್ಡದಾಗಿತ್ತು.

ಅಂದು ಸಂಜೆ ಆರಕ್ಕೆ ಜಯಲತಾ ಟ್ಯಾಬ್ ತೆಗೆದು, ಫೋನಿನ ಸ್ಪೀಕರ್ ಹಾಕಿದರು. ಮಂಜಿ ಬಂದರು ಬಿಟ್ಟಿತು. ಪಕ್ಕದಲ್ಲಿ ಕೂತ ಮೋಹನದಾಸರು ಅಭ್ಯಾಸದಂತೆ ವಾಚು ಒತ್ತಿದರು. ಗಿಡುಗ ಆಗಲೇ ಮುಂದೆ ಹೋಗಿ ಗೇಟಿನ ಹತ್ತಿರ ಚಿಕ್ಕ ಚುಕ್ಕೆಯಾಗಿ ನಿಂತಿತ್ತು. ಇನ್ನೂ ಅರ್ಧ ದಾರಿ ಇದೆ ಎಂದು ಜಯಲತಾ ಫೋನಿಗೆ ಹೇಳಿದರು. ಅವರ ಬೆರಳು ನಡುಗುತ್ತಿತ್ತು, ಹಡಗು ನೆಟ್ಟಗೆ ಹೋಗುತ್ತಿತ್ತು.

"ಸಾವಕಾಶ ಬರ್ರಿ ಅಕ್ಕಾರ, ಜಾಗಾ ಹಿಡದೀನಿ" ಎಂದಳು ಪದ್ಮಾವತಿ.

ಮದುವೆಯ ಹೊಸದರಲ್ಲಿ ಹೆಂಡತಿಗೆ ಬರೆದುಕೊಟ್ಟ ಚೀಟಿ ಮೋಹನದಾಸರಿಗೆ ನೆನಪಾಯಿತು. ಅಂದು ಅಷ್ಟು ಕಷ್ಟಪಟ್ಟು ಉಳಿಸಿಕೊಟ್ಟ ಹದಿನೇಳು ನಿಮಿಷ ಜಯಲತಾಗೆ ಯಾಕೆ ಬೇಡವಾಯಿತೆಂದು ಈಗ ತಿಳಿಯಿತು. ಮಂಜಿ ಬಂದು ಗಿಡುಗದ ಪಕ್ಕ ನಿಂತಿತು. ಹೆಂಗಸರಿಬ್ಬರ ಮಾತು ಶುರುವಾಯಿತು. ಮೋಹನದಾಸರು ವಾಚನ್ನು ನಿಲ್ಲಿಸಲು ಮರೆತು ಕೇಳುತ್ತ ಕೂತರು.