ಹತ್ತದ ರೈಲಿನ ಟಿಕೆಟ್ಟು

ಪರದೇಶದ ಈ ಸ್ಯಾಂಡ್‌ವಿಕೆನ್ ಊರಿನಲ್ಲಿ ಮಗಳ ಮನೆಯ ಪಕ್ಕದವರು ತರಕಾರಿ ಮಡಿಯ ಸುತ್ತ, ರೈಲು ಹಳಿಯ ಕೆಳಗೆ ಹಾಸುವ ಹಳೆಯ ಮರದ ದಿಮ್ಮಿಗಳನ್ನು ಇಟ್ಟಿದ್ದಾರೆ. ಈ ಬೇಸಿಗೆಯಲ್ಲಿ ಬಿಸಿಲು ಜೋರಾದಾಗ ಅವುಗಳಿಂದ ಟಾರಿನ ವಾಸನೆ ಬಂತು. ನಾನು ಬೇಲಿಯ ಹತ್ತಿರ ಹಾಗೇ ನಿಂತುಬಿಟ್ಟೆ. ನೆನಪಾದದ್ದು ರಾಜಸ್ಥಾನದ ಮರಳುಗಾಡಿನ ಒಂದು ಸಣ್ಣ ನಿಲ್ದಾಣ, ಅಲ್ಲಿ ಚಹಾ ಮಾರುತ್ತಿದ್ದ ಕಾಕಿ...

ಹೈಸ್ಕೂಲು ಮುಗಿಸಿ ರೈಲ್ವೆ ಸೇರಿದ ನನ್ನನ್ನು ಧಾರವಾಡದಿಂದ ಅಷ್ಟು ದೂರ ಹಾಕಿದ್ದರು. ಟಿಕೆಟ್ ಕೊಡುವ ಕೆಲಸ. ಉಗಿ ಎಂಜಿನ್ನುಗಳಿಗೆ ಕಲ್ಲಿದ್ದಲು, ನೀರು ಕೊಡಲೆಂದು ಹುಟ್ಟಿಕೊಂಡ ಊರು ಅದು. ಡೀಸೆಲ್ ಬಂದ ಮೇಲೆ ಎಂಜಿನ್ನಿಗೆ ಆ ಊರು ಬೇಕಾಗಲಿಲ್ಲ. ಊರಿಗೆ ಮಾತ್ರ ರೈಲು ಬೇಕಿತ್ತು, ಹಳೆಯ ಬಾವಿ ಬತ್ತಿ ಕುಡಿಯುವ ನೀರು ಅದರ ಹಿಂದಿನ ವ್ಯಾಗನ್ನಿನಲ್ಲೇ ಬರುತ್ತಿತ್ತು.

ಟಿಕೆಟ್ ಮಾರಾಟವಾಗದಿದ್ದರೆ ನಿಲ್ದಾಣ ಮುಚ್ಚುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಮನೆಮನೆಯವರು ಸರದಿಯ ಮೇಲೆ ಬಂದು ಟಿಕೆಟ್ ಕೊಳ್ಳುತ್ತಿದ್ದರು. ರೈಲು ಮಾತ್ರ ಹತ್ತುತ್ತಿರಲಿಲ್ಲ. ಈ ಸರದಿ ಹಚ್ಚಿದವಳು ಕಾಕಿ.

"ಇವತ್ತು ಎಲ್ಲಿಗೆ ಕಾಕಿ?" ಎಂದು ಕೆಣಕುತ್ತಿದ್ದೆ.

"ನಿನಗೆ ಹೆಣ್ಣು ನೋಡೋಕೆ, ಬಾಬು. ಈ ಮೂತಿಗೆ ಹತ್ತಿರದ ಊರಲ್ಲಿ ಯಾರೂ ಕೊಡಲ್ಲ."

ಅವಳು ಆಡಿದ್ದು ಮಾರ್ವಾಡಿ ಬೆರೆತ ಹಿಂದಿ. ನನ್ನ ತಲೆಯಲ್ಲಿ ಉಳಿದಿರುವುದು ಕನ್ನಡದಲ್ಲಿ.

ನನಗೆ ನಮ್ಮೂರಿಗೆ ವರ್ಗ ಬೇಕಿತ್ತು. ಅಮ್ಮನಿಗೆ ಹುಷಾರಿರಲಿಲ್ಲ, ಕೇಳಿ ಕೇಳಿ ಸಾಕಾಗಿತ್ತು. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿ, ಕಾಕಿ ಕೊಟ್ಟ ಚಹಾ ಕುಡಿಯುತ್ತಲೇ, ಜನ ರೈಲು ಹತ್ತುತ್ತಾರೆಯೇ ಎಂದು ನನ್ನನ್ನು ಕೇಳಿದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು.

"ಟಿಕೆಟ್ ಮಾತ್ರ ತಗೋತಾರೆ ಸಾರ್" ಎಂದೆ.

ಸುಳ್ಳೇನಲ್ಲ. ಆದರೆ ಸತ್ಯದ ಮೇಲಿನ ಪ್ರೀತಿಯಿಂದ ನಾನು ಅದನ್ನು ಹೇಳಲಿಲ್ಲ. ನಿಲ್ದಾಣ ಮುಚ್ಚಿದರೆ ನನ್ನನ್ನು ಬೇರೆಡೆಗೆ ಕಳಿಸಲೇಬೇಕಿತ್ತು.

ಮುಚ್ಚಿದರು. ಹೇಳಿದವರು ಯಾರೆಂದು ಊರಿಗೆ ತಿಳಿಯಲಿಲ್ಲ. ನಾನು ಹೊರಟಾಗ ಕಾಕಿ ತಲೆ ಸವರಿ, "ನಮ್ಮದು ಹಾಗಿರ್ಲಿ, ನೀನಾದ್ರೂ ಅಮ್ಮನ ಹತ್ತಿರ ಹೋಗ್ತಿದ್ದೀಯಲ್ಲ" ಎಂದಳು. ನಾನು ಪೆಟ್ಟಿಗೆಯ ಬೀಗ ನೋಡುವವನಂತೆ ಬಗ್ಗಿದೆ...

ನೀರು ಬರುವುದು ನಿಂತ ಮೇಲೆ ಊರು ಖಾಲಿಯಾಯಿತೆಂದು ಆಮೇಲೆ ಕೇಳಿದೆ.

ಮೊನ್ನೆ ಮೊಮ್ಮಗಳು ಫೋನಿನ ಮ್ಯಾಪ್‌ನಲ್ಲಿ ಆ ಜಾಗ ಹುಡುಕಿದಳು. ಸೂರಿಲ್ಲದ ಗೋಡೆಗಳು, ಮರಳು ಅರ್ಧ ನುಂಗಿದ ಪ್ಲಾಟ್‌ಫಾರಂ. "ಅಜ್ಜಾ, ಘೋಸ್ಟ್ ಟೌನ್! ಸೋ ಕೂಲ್!" ಎಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳ ತಾಯಿಗೂ ನಾನು ಇದನ್ನು ಹೇಳಿರಲಿಲ್ಲ. ಹುಡುಗಿ ಫೋನು ಕೆಳಗಿಟ್ಟಳು.

"ಆಮೇಲೆ ಆ ಕಾಕಿ ಎಲ್ಲಿಗೆ ಹೋದ್ರು?"

ಗೊತ್ತಿಲ್ಲ ಎಂದೆ. ವಿಚಾರಿಸಬಹುದಾದವರು ಬಹಳ ವರ್ಷ ಇದ್ದರು. ಹೇಳಿದವನು ನಾನೇ ಎಂದು ತಿಳಿದುಬಿಟ್ಟೀತೆಂದು ಯಾರನ್ನೂ ಕೇಳಲಿಲ್ಲ. ಕಾಕಿ ಈಗ ಬದುಕಿರಬಹುದಾದ ವಯಸ್ಸಿನವಳಲ್ಲ.