ಮೊದಲ ಹನಿ

ಬಿಯರಿನ ಬಗ್ಗೆ ಭಾಷಣ ಕೇಳುವುದೆಂದರೆ ನನಗೆ ಆಗದು. ಆದರೆ ಕದ್ರಿಯ ಪಬ್ಬಿನಲ್ಲಿ ಅಂದು ಭಾಷಣ ಮಾಡುತ್ತಿದ್ದವಳು ನನ್ನ ತಂಗಿಯ ಮಗಳು. ಅಲ್ಲಿಯ ಬಿಯರ್ ತಯಾರಿಸುವವಳೂ ಅವಳೇ.

"ಮಾವ, ಇದು ಸೇಸಾನ್. ಬೆಲ್ಜಿಯಮ್‌ನಲ್ಲಿ ಹಿಂದೆ ಹೊಲದ ಕೆಲಸದವರಿಗೆ ಅಂತ ಮಾಡ್ತಿದ್ದದ್ದು. ನಾನು ಇದಕ್ಕೆ ಯೀಸ್ಟ್ ಹಾಕ್ಲಿಲ್ಲ. ನಮ್ಮ ಗಾಳಿಯಲ್ಲಿ ಇದ್ದದ್ದೇ ಸೇರಿ ಹುಳಿ ಬಂದದ್ದು."

"ಹಾಗಾದ್ರೆ ಇದರಲ್ಲಿ ನಿನ್ನ ಕೆಲಸ ಎಂತ ಉಂಟು?" ಎಂದೆ. ಅವಳು ನಕ್ಕು ಗ್ಲಾಸನ್ನು ನನ್ನತ್ತ ಸರಿಸಿದಳು.

ಮೂಗಿನ ಹತ್ತಿರ ತಂದೆ. ಸಂಜೆಯ ಹೊತ್ತಿಗೆ ಹುಳಿಯಾದ ಕಳ್ಳಿನದೇ ವಾಸನೆ! ಗದ್ದೆ ಕೆಲಸ ಮುಗಿಸಿ ಅಂಗಳದಲ್ಲಿ ಕೂತು ಕಳ್ಳು ಕುಡಿಯುತ್ತಿದ್ದ ಅಪ್ಪ, ಮೊದಲು ಬೆರಳದ್ದಿ ತೀರಿಹೋದ ಹಿರಿಯರಿಗೆಂದು ನೆಲಕ್ಕೊಂದು ಹನಿ ಬಿಡುತ್ತಿದ್ದರು. ನನಗೇ ಗೊತ್ತಾಗುವ ಮೊದಲು ನನ್ನ ಬೆರಳು ಗ್ಲಾಸಿಗಿಳಿದು, ಪಬ್ಬಿನ ಹೊಳೆಯುವ ನೆಲದ ಮೇಲೆ ಹನಿ ಬಿದ್ದಾಗಿತ್ತು.

ವೇಟರ್ ಬಟ್ಟೆ ಹಿಡಿದು ಓಡಿ ಬಂದ. ನಾಚಿಕೆಯಾಗಿ ನಾನು ಆ ಹನಿಯನ್ನು ಚಪ್ಪಲಿಯಿಂದ ಮುಚ್ಚಲು ಹೋದೆ.

"ಮಾವ, ಕಾಲು ತೆಗೀರಿ!" ಎಂದು ಗದರಿ, ಅವಳು ವೇಟರನ ಕಡೆ ತಿರುಗಿದಳು. "ಒರೆಸ್ಬೇಡ ಮಾರಾಯ, ಅದು ಅಜ್ಜನದ್ದು." ಆಮೇಲೆ ಮೆಲ್ಲಗೆ ನನಗೆ ಹೇಳಿದಳು, "ಪೀಪಾಯಿ ತೆರೆದಾಗೆಲ್ಲ ನಾನೂ ಮೊದಲ ಹನಿ ಅಜ್ಜನಿಗೆ ಬಿಡ್ತೇನೆ. ಅಮ್ಮ ಹೇಳಿಕೊಟ್ಟದ್ದು."

ನಾನು ಕುಡಿದೆ. ತೆಳು, ಹುಳಿ, ಕೊನೆಯಲ್ಲಿ ಚೂರು ಒಗರು. ಗ್ಲಾಸು ಕೆಳಗಿಟ್ಟು ಅವಳ ತಲೆ ಸವರಿದೆ. ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದ ಅಪ್ಪ, ಅವಳ ಬಿಯರಿನ ರುಚಿಯನ್ನು ನನಗಿಂತ ಮುಂಚೆಯೇ ನೋಡಿದ್ದರು.